ಗಲೀನಾ ಮನೆಯ ಕಾಗೆ

ಎಲ್ಲರೂ ಕಾಗೆಯನ್ನು ನೋಡುತ್ತಿದ್ದರು. ಅಮಾತೆಪ್ಪನಿಗೆ ಮಾತ್ರ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಅಪ್ಪ ಮರಿಲಿಂಗಪ್ಪನನ್ನು ಮಣ್ಣು ಮಾಡಿ ಇವತ್ತಿಗೆ ಮೂರನೇ ದಿನ. ದೋರನಹಳ್ಳಿಯ ತಮ್ಮದೇ ಹೊಲದ ಬದುವಿನಲ್ಲಿ, ಕಾಲುವೆಯ ದಂಡೆಗೆ ತುಸು ಈಚೆ, ಇನ್ನೂ ಹಸಿ ಆರದ ಮಣ್ಣಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಮುತ್ತಲ ಎಲೆಯಲ್ಲಿ ಎಡೆ ಇಟ್ಟು, ಜನ ಹಿಂದೆ ಸರಿದು ಕೂತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಅನ್ನ, ಎರಡು ಹೋಳಿಗೆ, ಒಂದು ಕಪ್ ಚಹಾ. ಕಾಗೆ ಬಂದು ಮುಟ್ಟಿದರೆ ಸತ್ತವನಿಗೆ ತೃಪ್ತಿಯಾಯಿತು, ಹೊರಟುಹೋದ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಅವನು ಇಲ್ಲೇ ಸುಳಿಯುತ್ತಿದ್ದಾನೆ. ಇದರಲ್ಲಿ ಗುಟ್ಟೇನಿಲ್ಲ, ಊರಿನ ಕೂಸಿಗೂ ಗೊತ್ತು. ಜಾಲಿ ಗಿಡದ ಮೇಲೆ ಏಳೆಂಟು ಕಾಗೆಗಳಿದ್ದವು. ಒಂದು ಇಳಿದು ಗುಡ್ಡೆಯ ಹತ್ತಿರ ಕುಪ್ಪಳಿಸುತ್ತ ಬಂತು, ರೊಟ್ಟಿಯನ್ನು ಓರೆಗಣ್ಣಿನಿಂದ ನೋಡಿತು, ಏನೋ ನೆನಪಾದವರ ಹಾಗೆ ತಿರುಗಿ ಹಾರಿಹೋಯಿತು. ಹೆಂಗಸರ ಗುಂಪಿನಿಂದ ಒಂದು ನಿಟ್ಟುಸಿರು ಎದ್ದಿತು. ಅಮಾತೆಪ್ಪನ ಎದೆಯಲ್ಲಿ ಎದ್ದದ್ದು ನಿಟ್ಟುಸಿರಲ್ಲ, ಸಮಾಧಾನ. ಅದು ಸಮಾಧಾನವೇ ಎಂದು ತಿಳಿದಾಗ ಅವನಿಗೆ ನಾಚಿಕೆಯಾಯಿತು, ತಲೆ ತಗ್ಗಿಸಿ ಕಾಲ ಬೆರಳಿಗೆ ಹತ್ತಿದ ಕರಿ ಮಣ್ಣನ್ನು ಕೆರೆಯುತ್ತ ಕೂತ.

ಎಷ್ಟು ಅವಸರ ಇವರಿಗೆ. ಬೆಳಿಗ್ಗೆ ಹಾಸಿಗೆಯಲ್ಲೇ ತಣ್ಣಗಾಗಿದ್ದ ಮನುಷ್ಯನನ್ನು ಹೊತ್ತು ಮುಳುಗುವ ಮೊದಲು ಮಣ್ಣಿಗೆ ಹಾಕಿದರು. ಭೀಮರಾಯನಗುಡಿಯ ಕಾಲುವೆ ಆಫೀಸಿನಿಂದ ಅವನು ಮೋಟರ್ ಸೈಕಲ್ ಹತ್ತಿ ಬರುವಷ್ಟರಲ್ಲಿ ಅಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ತಲೆಗೆ ರುಮಾಲು ಸುತ್ತಿ ಆಗಿತ್ತು. ಅಪ್ಪ ಯಾರದೋ ಮದುವೆಗೆ ಹೊರಟು ಬಸ್ಸಿಗೆ ಕಾದು ಕೂತಂತೆ ಕಾಣುತ್ತಿದ್ದ. ಹತ್ತಿರ ಕೂತು ಸರಿಯಾಗಿ ಮುಖ ನೋಡಬೇಕು ಅಂದರೆ ಹಿಂದಿನಿಂದ ಜನ ತಳ್ಳುತ್ತಿದ್ದರು, ಹಲಗೆಯವರು ಕಿವಿ ಕಿತ್ತುಹೋಗುವಂತೆ ಬಾರಿಸುತ್ತಿದ್ದರು. ಈಗ ಮೂರನೇ ದಿನಕ್ಕೆ ಹೊಟ್ಟೆ ತುಂಬಿಸಿ, ಹೋಗಿ ಬಾ ಅನ್ನಬೇಕು. ಹೋಗಿ ಬಾ ಅಂತಲೂ ಅಲ್ಲ, ಹೋಗು ಅಂತ. ಮೂರು ದಿನಕ್ಕೆ ಯಾರಾದರೂ ಹೋಗುತ್ತಾರೆಯೇ? ನಲವತ್ತು ದಿನ ಇರುತ್ತಾರೆ, ಅನ್ನಿಸಿತು ಅವನಿಗೆ. ಅನ್ನಿಸಿದ ಮೇಲೆ ಇದು ತನ್ನ ಮಾತಲ್ಲ, ಗಲೀನಾ ಮನೆಯದು ಅನ್ನುವುದು ನೆನಪಾಯಿತು.

ಗಲೀನಾ ಪೆತ್ರೋವ್ನಾ ರಷ್ಯಾದ ವೊರೊನೆಜ್ ಎಂಬ ಊರಿನಲ್ಲಿ ನಾಲ್ಕನೇ ಮಹಡಿಯ ಮನೆಯೊಂದರಲ್ಲಿ ಇದ್ದವಳು. ಇಲ್ಲಿ ಕೃಷ್ಣೆಯ ನೀರು ಹೊಸದಾಗಿ ಕಾಲುವೆಗೆ ಬಂದು, ಸಜ್ಜೆ ತೊಗರಿ ಬೆಳೆಯುತ್ತಿದ್ದ ಎರೆ ನೆಲದಲ್ಲಿ ಭತ್ತದ ಸಸಿ ಕಂಡ ವರ್ಷಗಳಲ್ಲೇ ಅಮಾತೆಪ್ಪ ಸರಕಾರದ ಸ್ಕಾಲರ್‌ಶಿಪ್ಪಿನ ಮೇಲೆ ನೀರಾವರಿ ಇಂಜಿನಿಯರಿಂಗ್ ಓದಲು ಅಲ್ಲಿಗೆ ಹೋದ. ಹಾಸ್ಟೆಲಿನಲ್ಲಿ ಜಾಗ ಸಾಲದೆ ಮೊದಲ ವರ್ಷವೇ ಕೆಲವರನ್ನು ಮನೆಗಳಿಗೆ ಹಂಚಿದಾಗ ಅವನು ಇವಳ ಪಾಲಿಗೆ ಬಂದ. ಗಂಡ ನಿಕೊಲಾಯ್ ಟ್ರಾಮ್ ಓಡಿಸುತ್ತಿದ್ದ, ಮಗಳು ಲೇನಾ ಶಾಲೆಯ ಕೊನೇ ವರ್ಷದಲ್ಲಿದ್ದಳು. ವಿಚಿತ್ರವೆಂದರೆ, ಅವರಾಡಿದ ರಷ್ಯನ್ ಮಾತು ಈಗ ಅವನ ನೆನಪಿನಲ್ಲಿ ರಷ್ಯನ್ ಆಗಿ ಉಳಿದಿಲ್ಲ. ಹನ್ನೆರಡು ವರ್ಷ ಯಾರೊಂದಿಗೂ ಆಡದೆ ಆ ಭಾಷೆ ಸವೆದುಹೋಗಿ, ಗಲೀನಾ ಅವನ ತಲೆಯೊಳಗೆ ಶುದ್ಧ ದೋರನಹಳ್ಳಿ ಮಾತಾಡುತ್ತಾಳೆ. "ಉಣ್ಣೋ ತಮ್ಮಾ, ಇಷ್ಟ ಉಂಡ್ರ ಥಂಡಿಗಿ ಸತ್ತ ಹೋಗ್ತಿ ನೋಡು," ಅನ್ನುತ್ತಾಳೆ, ಬೀಟ್‌ರೂಟ್ ಸಾರನ್ನು ಅವನ ತಟ್ಟೆಗೆ ಸುರಿಯುತ್ತ. ಚೌಕಳಿ ಲಂಗ, ಕಾಲಲ್ಲಿ ಕಂಬಳಿ ಬಟ್ಟೆಯ ಚಪ್ಪಲಿ, ಬಾಯಲ್ಲಿ ಯಾದಗಿರಿ ಸಂತೆಯ ಕನ್ನಡ.

ನಿಕೊಲಾಯ್ ಅವನಿಗೆ ಹಿಮದ ಮೇಲೆ ನಡೆಯುವುದನ್ನು ಕಲಿಸಿದ. ಮೊದಲ ವಾರ ಮನೆಯ ಮುಂದಿನ ಇಳಿಜಾರಿನಲ್ಲಿ ಇವನು ದಿನಾ ಬೀಳುತ್ತಿದ್ದ, ಬಾಗಿಲಲ್ಲಿ ಕೂತ ಮುದುಕಿಯರು ನಗುತ್ತಿದ್ದರು. ನಿಕೊಲಾಯ್ ಒಂದು ದಿನ ಟ್ರಾಮ್ ಡ್ಯೂಟಿ ಮುಗಿಸಿ ಬಂದವನು ಇವನ ಕಂಕುಳಿಗೆ ಕೈ ಹಾಕಿ, "ಬಾತುಕೋಳಿ ನೋಡಿಯಿಲ್ಲ? ಹಂಗ ನಡಿ. ಮಾನ ಮರ್ಯಾದಿ ಬೇಸಿಗ್ಯಾಗ ನೋಡ್ಕೊಳ್ಳೂಣಂತ," ಎಂದು ತಾನೇ ಮುಂದೆ ಮುಂದೆ ಬಾತುಕೋಳಿಯಂತೆ ನಡೆದು ತೋರಿಸಿದ. ಆರಡಿ ಆಳು. ಮುದುಕಿಯರು ಆಗ ಅವನನ್ನು ನೋಡಿ ನಕ್ಕರು. ರಜೆಗೆ ಬಂದು ತಿರುಗಿ ಹೋಗುವಾಗ ಅಪ್ಪ ಯಾದಗಿರಿ ಸ್ಟೇಷನ್ನಿಗೆ ಎರಡು ಗಂಟು ಹೊತ್ತು ತಂದಿದ್ದ. ಎರಡರಲ್ಲೂ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ. "ಒಂದು ನಿಂದು. ಇನ್ನೊಂದು ನೀ ಇರೂ ಮನಿಯವ್ವಂದು. ಉಣ್ಣಾಕ ಹಾಕಾಕಿ ಮನಿಗಿ ಬರಿಗೈಲೆ ಹೋಗಬ್ಯಾಡ," ಅಂದ. ವಿಮಾನದಲ್ಲಿ ಪುಡಿಯಾಗಿ ಮುಟ್ಟಿದ ಆ ರೊಟ್ಟಿಯನ್ನು ಗಲೀನಾ ಮುತ್ತು ಆರಿಸಿದಂತೆ ಆರಿಸಿ ತಟ್ಟೆಗೆ ಹಾಕಿದಳು. ನಿಕೊಲಾಯ್ ಚಟ್ನಿಯನ್ನು ಚಮಚದಲ್ಲೇ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡು, ಒಂದು ಗ್ಲಾಸು ವೋಡ್ಕಾ ಇಳಿಸಿ, "ನಿಮ್ಮಪ್ಪ ನನ್ನ ಕೊಲ್ಲಾಕ ಕಳಿಸ್ಯಾನೇನು?" ಎಂದು ಇನ್ನೊಂದು ಚಮಚ ತೆಗೆದುಕೊಂಡ. ಜನವರಿಯಲ್ಲಿ ಅವನು ಟ್ರಾಮ್ ಡಿಪೋದಲ್ಲಿ ಎದೆ ಹಿಡಿದುಕೊಂಡು ಕುಸಿದ, ಮತ್ತೆ ಏಳಲಿಲ್ಲ.

"ಏನ್ ಕುಂತಿಯಪಾ ಹಂಗ, ಗರ ಬಡದವರ ಹಂಗ," ಎಂದ ದ್ಯಾವಪ್ಪ ಕಾಕಾ ಪಕ್ಕದಿಂದ. ಅಪ್ಪನ ತಮ್ಮ, ಮಾತು ಜೋರು. ಅವನು ಎದ್ದು ಗುಡ್ಡೆಯ ಕಡೆ ಕೈ ಮುಗಿದು, ಎದುರಿಗೆ ಇರುವವನಿಗೆ ಹೇಳುವಂತೆ ಹೇಳಿದ: "ಅಣ್ಣಾ, ವೈನಿ ಚಿಂತಿ ಬಿಡು. ನಾವೆಲ್ಲಾ ಅದೀವಿ. ಕೈ ಬಿಡಂಗಿಲ್ಲ ಆಕೀನ. ಬಾ, ಉಣ್ಣು." ಕಾಗೆಗಳು ಕೂತಲ್ಲೇ ಕೂತಿದ್ದವು. ಅಮಾತೆಪ್ಪನ ತಂಗಿ ದೇವಕಮ್ಮ ಮುಂದೆ ಬಂದಳು. ಸುರಪುರಕ್ಕೆ ಕೊಟ್ಟ ಹೆಣ್ಣು, ಅತ್ತು ಅತ್ತು ದನಿ ಒಡೆದಿತ್ತು. "ಯಪ್ಪಾ, ನಾ ಚಂದಾಗಿ ಅದೀನೋ. ಮನ್ಯಾಗ ಈಗ ಏನೂ ಜಗಳಿಲ್ಲ. ನನ್ನ ಸಲುವಾಗಿ ನಿಂದ್ರಬ್ಯಾಡೋ." ಕಾಗೆಗಳು ಕತ್ತು ಕೊಂಕಿಸಿ ಅವಳನ್ನು ಕೇಳಿದವು, ಅಷ್ಟೆ. ಆಗ ದೂರದಲ್ಲಿ ಕಾಲುವೆ ದಂಡೆಯ ಮೇಲೆ ಕೂತಿದ್ದ ಸರದಾರಸಾಬ, ಅಪ್ಪನೊಂದಿಗೆ ಈ ಕಾಲುವೆ ಅಗೆಯುವ ಕೂಲಿಗೆ ಹೋಗುತ್ತಿದ್ದ ಮುದುಕ, ಅಲ್ಲಿಂದಲೇ ಕೂಗಿದ: "ಬೀಡಿ ಇಟ್ಟೀರೇನ್ರೋ? ಚಾ ಕೊಟ್ಟು ಬೀಡಿ ಕೊಡದಿದ್ರ ಆಂವ ನನ್ನ ಕೂಡಾನೂ ಮಾತ ಬಿಡತಿದ್ದ." ಸಾವಿನ ಮನೆಯವರೂ ನಕ್ಕರು. ಬೀಡಿ ಇಟ್ಟರು, ಹಚ್ಚಿಯೇ ಇಟ್ಟರು. ಬೀಡಿ ತನ್ನಷ್ಟಕ್ಕೆ ತಾನು ಹೊಗೆಯಾಡಿ ಆರಿತು.

ಅಲ್ಲಿಯೂ ಎಡೆ ಇಟ್ಟಿದ್ದರು. ನಿಕೊಲಾಯ್‌ನ ಮಣ್ಣು ಮುಗಿದ ಸಂಜೆ ಗಲೀನಾ ಕಪಾಟಿನ ಮೇಲೆ ಅವನ ಫೋಟೋ ಇಟ್ಟು, ಮೂಲೆಗೆ ಕಪ್ಪು ರಿಬ್ಬನ್ ಕಟ್ಟಿ, ಮುಂದೆ ಒಂದು ಗ್ಲಾಸು ವೋಡ್ಕಾ ತುಂಬಿಟ್ಟು, ಅದರ ಬಾಯಿಗೆ ಒಂದು ತುಂಡು ಕಪ್ಪು ಬ್ರೆಡ್ಡು ಮುಚ್ಚಿದಳು. ಕನ್ನಡಿಗೆ ಚಾದರ ಹೊದಿಸಿದಳು. ಅಮಾತೆಪ್ಪನಿಗೆ ಪರದೇಶದಲ್ಲಿ ಅಂದು ಮೊದಲ ಸಲ ಎಲ್ಲ ಅರ್ಥವಾದಂತಾಗಿತ್ತು. ಎಡೆ, ಹೌದಲ್ಲ, ನಮ್ಮದೇ ಎಡೆ. ಮೂರನೇ ದಿನ ಬಂತು. ಯಾರೂ ಬ್ರೆಡ್ಡನ್ನು ಹೊರಗೆ ಒಯ್ಯಲಿಲ್ಲ. ನಾಲ್ಕನೇ ದಿನ, ಐದನೇ ದಿನ, ಬ್ರೆಡ್ಡು ಒಣಗಿ ಅಂಚು ಮೇಲೆದ್ದಿತು. ಒಂಬತ್ತನೇ ದಿನ ನೆಂಟರು ಬಂದು, ಅಕ್ಕಿಯ ಸಿಹಿ ಪ್ರಸಾದ ತಿಂದು, ಕುಡಿದು, ಅತ್ತು ಹೋದರು. ಬ್ರೆಡ್ಡು ಅಲ್ಲೇ ಇತ್ತು. ಅವನಿಗೆ ತಡೆಯದಾಯಿತು. ಇವರು ಮುಂದಿನದನ್ನು ಮರೆತೇಬಿಟ್ಟಿದ್ದಾರೆ, ಊಟ ಇಟ್ಟು ಕೈಗೆ ಎಟುಕದಂತೆ ಒಳಗೇ ಬೀಗ ಹಾಕಿದ್ದಾರೆ, ಬಾತುಕೋಳಿಯಂತೆ ನಡೆದು ತೋರಿಸಿದ ಆ ಮನುಷ್ಯ ಹಸಿದು ಗಾಜಿನ ಕಿಟಕಿಗಳ ಆಚೆ ಚಳಿಯಲ್ಲಿ ಅಲೆಯುತ್ತಿದ್ದಾನೆ ಅನ್ನುವುದು ಅವನ ತಲೆಯಲ್ಲಿ ಕೂತುಬಿಟ್ಟಿತು. ತಾಯಿ ಮಗಳು ನೆಂಟರನ್ನು ಬಸ್ಸಿಗೆ ಬಿಡಲು ಹೋದಾಗ ಅವನು ಕೈಕಾಲು ತೊಳೆದು, ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು, ಬಾಲ್ಕನಿಯ ಬಾಗಿಲು ತೆಗೆದು, ಹಿಮ ಸರಿಸಿ ಕಟ್ಟೆಯ ಮೇಲೆ ಇಟ್ಟ. ಏನಾದರೂ ಮಾತು ಕೊಡಬೇಕಲ್ಲ. "ಲೇನಾನ ಓದಿಗೆ ನಾ ಸಹಾಯ ಮಾಡ್ತೀನಿ, ನೀವು ಚಿಂತಿ ಬಿಟ್ಟು ಉಣ್ರಿ," ಎಂದು ಕನ್ನಡದಲ್ಲೇ ಹೇಳಿದ. ಅಲ್ಲಿಯ ಕಾಗೆಗಳು ಕರಿ ಮೈಗೆ ಬೂದು ಸ್ವೆಟರ್ ಹಾಕಿಕೊಂಡಂತೆ ಇರುತ್ತವೆ. ಒಂದು ತಕ್ಷಣ ಬಂತು. ಕಾಯಿಸಲಿಲ್ಲ, ಅನುಮಾನಿಸಲಿಲ್ಲ. ಬ್ರೆಡ್ಡನ್ನು ಇಡಿಯಾಗಿ ಕಚ್ಚಿಕೊಂಡು ಮನೆಗಳ ಮೇಲೆ ಹಾರಿಹೋಯಿತು. ಅಮಾತೆಪ್ಪ ಚಳಿಯಲ್ಲಿ ನಿಂತು ಸಂತೋಷದಿಂದ ಅತ್ತ.

ಇಲ್ಲಿಯವರೆಗಿನ ಕಥೆ ದೋರನಹಳ್ಳಿಗೆಲ್ಲ ಗೊತ್ತಿತ್ತು. ಊರಿಗೆ ಬಂದವನು ಅಪ್ಪನಿಗೆ ಇಷ್ಟನ್ನು ಹೇಳಿದ್ದ. ಅಪ್ಪ ಕೇಳಿ ಅವನ ಬೆನ್ನ ಮೇಲೆ ಕೈ ಇಟ್ಟಿದ್ದ, ಆಮೇಲೆ ಹನ್ನೆರಡು ವರ್ಷ ಯಾರ ಮನೆಯ ಎಡೆಗೆ ಹೋದರೂ ಅದನ್ನು ಹೇಳದೆ ಬರಲಿಲ್ಲ. "ನನ್ನ ಮಗ ರಷ್ಯಾದಾಗ ಎಡಿ ಇಟ್ಟಾನ್ರೀ. ಅಲ್ಲಿ ಕಾಗಿನೂ ಬಂದು ಮುಟ್ಟೈತಿ. ಸಾವಿಗಿ ಯಾವ ದೇಶರೀ?" ಅಂತ. ಕೇಳಿದವರು ಹೌದ್ರಿ ಹೌದ್ರಿ ಅಂತ ತಲೆದೂಗುತ್ತಿದ್ದರು. ಪ್ರತಿಸಲ ಅಮಾತೆಪ್ಪ ಏನೋ ನೆವ ಹೇಳಿ ಎದ್ದು ಹೊರಗೆ ಹೋಗುತ್ತಿದ್ದ. ಅಪ್ಪ ಅಷ್ಟು ಹೆಮ್ಮೆಯಿಂದ ಹೇಳುವಾಗ, ಅದು ಅರ್ಧ ಮಾತ್ರ ಅಪ್ಪಾ ಅನ್ನಲು ಬಾಯಿ ಬರಲಿಲ್ಲ.

ಅವತ್ತು ಬಾಗಿಲು ತೆಗೆದು ಒಳಬಂದ ಗಲೀನಾಳಿಗೆ ಅವನು ತನಗೆ ಬರುತ್ತಿದ್ದ ರಷ್ಯನ್ನಿನಲ್ಲಿ, ನಗುತ್ತ, ಕೈಬೀಸಿ ಹೇಳಿದ್ದ: ಹಕ್ಕಿ ಬಂತು, ತಿಂದಿತು, ನಿಕೊಲಾಯ್ ಈಗ ಹೋದರು, ಸುಖವಾಗಿ ಹೋದರು. ಗಲೀನಾ ಕೋಟಿನ ಗುಂಡಿ ಬಿಚ್ಚುತ್ತಿದ್ದವಳು ಅರ್ಧಕ್ಕೆ ನಿಂತಳು. ಕಪಾಟಿನ ಮೇಲೆ ಬಾಯಿ ತೆರೆದುಕೊಂಡಿದ್ದ ಗ್ಲಾಸನ್ನು ನೋಡಿದಳು. ಚೀರಿದವಳು ಲೇನಾ. "ಅಪ್ಪ ನಲವತ್ತು ದಿನ ಮನ್ಯಾಗ ಇರ್ತಾನ! ನಮ್ಮ ಕೂಡ ಇರ್ತಾನ! ಯಾರು ನಿನಗ ಹೊರಗ ಹಾಕಂದ್ರು? ಒಂಬತ್ತ ದಿನಕ್ಕ ಹೊರಗ ಹಾಕಿಯಲ್ಲೋ, ಥಂಡ್ಯಾಗ!" ತಾಯಿ ಮಗಳ ಬಾಯಿ ಮುಚ್ಚಿದಳು. ಇವನಿಗೆ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಡಿಗೆಮನೆಗೆ ಹೋಗಿ ಹೊಸ ಬ್ರೆಡ್ಡು ಕೊಯ್ದು ತಂದು ಗ್ಲಾಸಿನ ಮೇಲೆ ಇಟ್ಟಳು. ಆಮೇಲೆ ಬಾಲ್ಕನಿಯ ಬಾಗಿಲನ್ನು ಒಂದು ಗೇಣು ತೆರೆದು, ಮುಚ್ಚಿಕೊಳ್ಳದಂತೆ ಅಡ್ಡಕ್ಕೆ ಗಂಡನ ಬೂಟು ಇಟ್ಟಳು. ನಲವತ್ತನೇ ದಿನದವರೆಗೂ ಆ ಬಾಗಿಲು ಹಾಗೇ ಇತ್ತು. ಹಿಮ ಒಳಗೆ ಬಂದು ಚಾಪೆಯ ಮೇಲೆ ಕೂರುತ್ತಿತ್ತು. ಮೂವರೂ ಕೋಟು ಹಾಕಿಕೊಂಡೇ ಉಣ್ಣುತ್ತಿದ್ದರು. ಸಾರು ಬಾಯಿಗೆ ಹೋಗುವಷ್ಟರಲ್ಲಿ ಆರುತ್ತಿತ್ತು. ಅವನ ತಟ್ಟೆಗೆ ಎಂದಿನಷ್ಟೇ ಬಡಿಸುತ್ತಿದ್ದಳು, ಉಣ್ಣೋ ತಮ್ಮಾ ಅಂತಲೂ ಅನ್ನುತ್ತಿದ್ದಳು, ಆದರೆ ಪರದೆ ಅಲುಗಿದಾಗಲೆಲ್ಲ ಮೂವರ ತಲೆಗಳೂ ಒಟ್ಟಿಗೆ ಆ ಕಡೆ ತಿರುಗುತ್ತಿದ್ದವು. ಗಾಳಿ. ಮತ್ತೆ ಗಾಳಿ. ಮಲಗಿದರೆ ಆ ಬಾಗಿಲಿನಿಂದ ಬಂದ ಚಳಿ ಅವನ ಕಾಲ ಬುಡದಲ್ಲಿ ಯಾರೋ ಕೂತಂತೆ ಕೂರುತ್ತಿತ್ತು. ನಿಕೊಲಾಯ್ ತಿರುಗಿ ಬಂದನೋ ಇಲ್ಲವೋ ಅವನು ಕೇಳಲಿಲ್ಲ. ಕೇಳುವ ಹಕ್ಕು ತನಗೆ ಉಳಿದಿಲ್ಲ ಅನ್ನಿಸಿತ್ತು.

"ಇಂಜಿನಿಯರ್ ಸಾಹೇಬ್ರ ಕೈಲೆ ಒಂದು ಮಾತ ಆಡಸ್ರಿ," ಯಾರೋ ಅಂದರು. "ಹೌದಲ್ಲ," ಎಂದು ದ್ಯಾವಪ್ಪ ಕಾಕಾ ಎದ್ದೇಬಿಟ್ಟ. "ರಷ್ಯಾದಾಗ ಕಾಗಿ ಕರದಾಂವ ನೀನು! ಯಾರ್ದೋ ಅಪ್ಪಗ ಕರದೀಯಂತ, ನಿಮ್ಮಪ್ಪಗ ಕರ್ಯಾಕ ಬಾಯಿಗಿ ಏನ ಆಗೇತಿ? ಏಳು, ಏಳಪಾ." ಎಲ್ಲರ ಮುಖದಲ್ಲೂ ಭರವಸೆ. ನಗಬೇಕೋ ಅಳಬೇಕೋ ತಿಳಿಯದೆ ಅಮಾತೆಪ್ಪ ಎದ್ದು ಗುಡ್ಡೆಯ ಹತ್ತಿರ ಹೋದ. ಬಿಸಿಲಿಗೆ ಹೋಳಿಗೆಯ ತುಪ್ಪ ಎಲೆಗೆ ಇಳಿದಿತ್ತು, ಚಹಾದ ಮೇಲೆ ಕೆನೆ ಕಟ್ಟಿತ್ತು. ಕೈ ಮುಗಿದ. ಅಪ್ಪಾ ಅಂದ. ಮುಂದೆ ಹೇಳಬೇಕಾದ್ದು ಅವನಿಗೆ ಗೊತ್ತಿತ್ತು, ಅವ್ವನನ್ನು ನೋಡಿಕೊಳ್ಳುತ್ತೇನೆ, ಹೊಲ ಮಾರುವುದಿಲ್ಲ, ಏನಾದರೂ ಒಂದು. ಒಂದೂ ಹೊರಡಲಿಲ್ಲ. ಹೇಳಿದರೆ ಎಲ್ಲಿ ಕಾಗೆ ಬಂದುಬಿಡುತ್ತದೋ ಎಂಬ ಹೆದರಿಕೆ. ಬಾಯಿ ತೆರೆದು ಮುಚ್ಚಿ, ಮೀನಿನಂತೆ, ಇಷ್ಟು ಜನರ ಮುಂದೆ. ಹಿಂದೆ ಯಾರೋ ಕೆಮ್ಮಿದರು. ಓದಿದವರಿಗೆ ಇದೆಲ್ಲ ನಾಚಿಕೆ ಇರ್ತದ ಬಿಡ್ರಿ, ಅಂತ ಇನ್ನೊಬ್ಬರು ಅಂದದ್ದು ಕೇಳಿಸಿತು. ಆಗ ಹೆಂಗಸರ ನಡುವಿನಿಂದ ಅವ್ವ ಬಸ್ಸಮ್ಮ ಎದ್ದು ಬಂದಳು. ಮೂರು ದಿನದಿಂದ ಅವಳು ಹೆಚ್ಚು ಅತ್ತಿರಲಿಲ್ಲ, ಬಂದವರಿಗೆ ಚಹಾ ಸಿಕ್ಕಿತೋ ಇಲ್ಲವೋ ಅಂತ ಕೇಳುತ್ತ ಓಡಾಡಿದ್ದಳು. ಅವನ ಮಗ್ಗುಲಲ್ಲಿ ನಿಂತು, ಅವನ ಮುಖವನ್ನು ಕೆಳಗಿನಿಂದ ನೋಡಿದಳು.

"ಆಂವ ಹೋಗಾಕ ಒಲ್ಲೆ ಅಂದಿಲ್ಲ," ಅಂದಳು, ಅವನಿಗಷ್ಟೇ ಕೇಳುವಂತೆ. "ನೀ ಬಿಡವಲ್ಲಿ."

ಅವನು ಇಲ್ಲ ಅನ್ನಲಿಲ್ಲ. "ಇನ್ನೊಂದಿಷ್ಟ ದಿನ ಇರ್ಲಿ ಬಿಡಬೇ," ಎಂದ. ನಡುವಯಸ್ಸಿಗೆ ಬಂದ ಇಂಜಿನಿಯರನ ದನಿ ಜಾತ್ರೆಯಿಂದ ಮನೆಗೆ ಹೋಗಲು ಒಲ್ಲದ ಹುಡುಗನ ದನಿಯಂತೆ ಹೊರಟಿತು. "ಮೂರ ದಿನಕ್ಕ ಯಾಕ ಕಳಸ್ತೀರಿ? ನಾ ಇನ್ನಾ ಆತನ ಮಾರಿನೂ ನೆಟ್ಟಗ ನೋಡಿಲ್ಲ."

"ಇದ್ದು ಏನ್ ಮಾಡ್ತಾನ? ಉಣ್ಣಾಕ ಬಾಯಿಲ್ಲ, ಕುಂದ್ರಾಕ ಕುಂಡಿಯಿಲ್ಲ. ನಾವು ಉಣ್ಣೂದು ನೋಡ್ಕೋತ ಬಾಗಲದಾಗ ನಿಂದ್ರಬೇಕೇನು?" ಅವ್ವ ಸೆರಗಿನಿಂದ ಅವನ ಮೂಗು ಒರೆಸಿದಳು, ಎಲ್ಲರ ಮುಂದೆಯೇ. "ಜೀವ ಇದ್ದಾಗ ಯಾರ ಬಾಗಲಕೂ ಹೋಗಿ ನಿಂತಾಂವಲ್ಲ ನಿಮ್ಮಪ್ಪ. ಈಗ ನಿಂದ್ರಸಬ್ಯಾಡ. ಹೋಗಂತ ಅನ್ನು."

ಅವ್ವ ಹೇಳಿದ್ದು ಸರಿ ಎಂದು ಅವನಿಗೆ ಗೊತ್ತಿತ್ತು. ಗಲೀನಾ ಮಾಡಿದ್ದೂ ಸರಿ. ಎರಡು ಸರಿಗಳ ನಡುವೆ ಒಬ್ಬ ಮನುಷ್ಯ ಎಷ್ಟು ಹೊತ್ತು ಕೈ ಮುಗಿದುಕೊಂಡು ನಿಲ್ಲಬಹುದು? ಅಪ್ಪ ಹಸಿದಿದ್ದಾನೆ ಅನ್ನುವ ಮಾತೊಂದೇ ಕೊನೆಗೆ ಉಳಿಯಿತು. ಎರಡು ಗಂಟು ಹೊತ್ತು ಸ್ಟೇಷನ್ನಿಗೆ ಬಂದ ಮನುಷ್ಯ, ಹಸಿದಿದ್ದಾನೆ. "ಹೋಗಪಾ," ಎಂದ ಅಮಾತೆಪ್ಪ. ಮೊದಲ ಸಲ ಸರಿಯಾಗಿ ಕೇಳಿಸಲಿಲ್ಲ. "ಉಂಡು ಹೋಗಪಾ. ನಾ ಬಿಟ್ಟೀನಿ." ಇಷ್ಟು ಹೇಳಿ, ಅವ್ವನ ಕೈ ಹಿಡಿದು ಹಿಂದೆ ಸರಿದ. ಸರಿಯುತ್ತಿದ್ದಂತೆ ಜಾಲಿ ಗಿಡದಿಂದ ಒಂದು ಕಾಗೆ ನೇರ ಗುಡ್ಡೆಯ ಮೇಲಿಳಿದು, ಆಚೆ ಈಚೆ ನೋಡದೆ, ರೊಟ್ಟಿಗೆ ಕೊಕ್ಕು ಹಾಕಿತು.

"ಮುಟ್ತು! ಮುಟ್ತು!" ಜನ ಎದ್ದುನಿಂತರು. ತಣ್ಣಗಾತು ಅಂದರು, ಪುಣ್ಯವಂತ ಅಂದರು. ದ್ಯಾವಪ್ಪ ಕಾಕಾ ಕಣ್ಣೊರೆಸಿಕೊಳ್ಳುತ್ತ, ನಾ ಹೇಳಿದ್ದಿಲ್ಲೇನು ಅಂತ ಎಲ್ಲರಿಗೂ ಹೇಳಿದ. ದೇವಕಮ್ಮ ಅಣ್ಣನ ಕಾಲಿಗೆ ಬಿದ್ದಂತೆ ಕುಸಿದು ಅತ್ತಳು. ಗಂಡಸರು ಆಗಲೇ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಕಾಲುವೆಯ ಮೆಟ್ಟಿಲ ಕಡೆ ಹೊರಟಿದ್ದರು, ಊಟದ ಮಾತು ಶುರುವಾಗಿತ್ತು. ಅಮಾತೆಪ್ಪ ಕಾಗೆಯನ್ನೇ ನೋಡುತ್ತಿದ್ದ. ಅದು ಎರಡು ತುತ್ತು ರೊಟ್ಟಿ ತಿಂದಿತು, ಅನ್ನ ಕೆದರಿತು, ಒಂದು ದೊಡ್ಡ ಚೂರು ಕಚ್ಚಿಕೊಂಡು ರೆಕ್ಕೆ ಬಿಚ್ಚಿತು. ಆಗ ಅವನ ಕೈಯಲ್ಲಿದ್ದ ಅವ್ವನ ಕೈ ಜಾರಿತು.

"ಏ ನಿಂದ್ರೋ," ಅಂದಳು ಅವ್ವ.

ಯಾರಿಗೆ ಅಂತ ಅವನಿಗೆ ಒಂದು ಕ್ಷಣ ಹೊಳೆಯಲಿಲ್ಲ. ಅವಳು ಗುಡ್ಡೆಯನ್ನು ಸುತ್ತಿ, ಬದು ಹತ್ತಿ, ಸೆರಗು ನೆಲಕ್ಕೆ ಎಳೆಯುತ್ತ ಓಡಿದಳು, ಮಂಡಿ ನೋವಿನ ಮುದುಕಿ. "ನಿಂದ್ರೋ! ಹೋಳಿಗಿ ಮುಟ್ಟೇ ಇಲ್ಲಲ್ಲೋ ನೀ! ಚಾ ಹಂಗ ಐತಲ್ಲೋ! ಇಷ್ಟು ಲಗೂನ ಎಲ್ಲಿ ಹೊಂಟಿ?" ನಲವತ್ತು ವರ್ಷದ ಸಂಸಾರದಲ್ಲಿ ಗಂಡನನ್ನು ಅವಳು ಒಮ್ಮೆಯೂ ನೀನು ಅಂದದ್ದನ್ನು ಅಮಾತೆಪ್ಪ ಕೇಳಿರಲಿಲ್ಲ. ಕಾಗೆ ಕಾಲುವೆ ದಾಟಿ ಆಚೆಯ ಭತ್ತದ ಗದ್ದೆಗಳ ಮೇಲೆ ಸಣ್ಣದಾಗುತ್ತಿತ್ತು. ದಂಡೆಯ ಸಿಮೆಂಟಿನ ಇಳಿಜಾರಿಗೆ ಅವಳು ಕಾಲಿಡುವ ಮೊದಲು ಅವನು ಓಡಿಹೋಗಿ ಎರಡೂ ತೋಳು ಹಿಡಿದುಕೊಂಡ. ಕೆಳಗೆ ನೀರು ತುಂಬಿ ಹರಿಯುತ್ತಿತ್ತು, ಮೆಟ್ಟಿಲ ಮೇಲಿದ್ದ ಗಂಡಸರು ತಂಬಿಗೆ ಹಿಡಿದವರು ಹಾಗೇ ತಿರುಗಿ ನೋಡುತ್ತಿದ್ದರು. ಅವ್ವ ಬಿಡಿಸಿಕೊಳ್ಳಲು ಕೊಸರಾಡಿದಳು, ಆಮೇಲೆ ಬಿಟ್ಟಳು.

"ಖರೇನ ಹೋದನೇನೋ?" ಎಂದು ಅವನನ್ನು ಕೇಳಿದಳು. "ನಾ ಅಂದೆ ಅಂತ ಹೋದನೇನು?"

ಅವನು ನೆಲಕ್ಕೆ ಎಳೆಯುತ್ತಿದ್ದ ಸೆರಗನ್ನು ಎತ್ತಿ ಅವಳ ಹೆಗಲಿಗೆ ಹಾಕಿದ. ಕಾಗೆ ಈಗ ಕಾಣುತ್ತಿರಲಿಲ್ಲ, ಆದರೂ ಇಬ್ಬರೂ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ಹಿಂದಿನಿಂದ ದ್ಯಾವಪ್ಪ ಕಾಕಾ ಊಟಕ್ಕೆ ಕರೆಯುತ್ತಿದ್ದ.